ಹುಕ್ಕೇರಿ ಬಸ್ಸಿನ ಭಕ್ತರು

ಯಾರು ಮಾತಾಡಿಸಿದರೂ ನಮ್ಮಪ್ಪ ಮೊದಲು ಮುಖ ಪಕ್ಕಕ್ಕೆ ಹೊರಳಿಸಿ ಗೋಡೆಗೆ ಉತ್ತರ ಕೊಡುತ್ತಾರೆ. ಕುಡಿಯುತ್ತಿದ್ದ ಕಾಲದಲ್ಲಿ ವಾಸನೆ ತಿಳಿಯದಿರಲೆಂದು ಕಲಿತದ್ದು. ಬಿಟ್ಟು ಎಂಟು ತಿಂಗಳಾದರೂ ರೂಢಿ ಹೋಗಿಲ್ಲ, ಫೋನಿನಲ್ಲೂ ಹಾಗೇ. "ಅಪ್ಪಾ, ಫೋನಿನ್ಯಾಗ ವಾಸನಿ ಹೋಗೂದಿಲ್ಲ" ಅಂದರೆ, "ಈಗಿನ ಫೋನು, ಹೇಳಾಕ ಬರೂದಿಲ್ಲವಾ" ಅನ್ನುತ್ತಾರೆ.

ಇಂಥ ಮನೆಯಲ್ಲಿ ನಗುವಂಥದ್ದು ನಡೆಯದ ವಾರವಿಲ್ಲ. ಇದನ್ನೆಲ್ಲ ಬರೆಯಬಾರದೆಂದು ಅತ್ತಿ, ಅಂದರೆ ಅಪ್ಪನ ಅಕ್ಕ, ಹೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನ ಒಪ್ಪಿಗೆ ಇದೆ.

ಮೊದಲ ಫೋನು

ಕುಡಿತ ಬಿಡುವವರ ಸಭೆ ಅಂತ ಒಂದಿರುತ್ತದೆಂದು ಎಲ್ಲೋ ಓದಿ, ನಂಬರು ಹುಡುಕಿ, ಅಪ್ಪನಿಗೆ ಹೇಳದೆ ಫೋನು ಹಚ್ಚಿದೆ. ಇಂಗ್ಲಿಷ್ ಮೀಡಿಯಂ ಸಾಲಿಯಲ್ಲಿ ಅಷ್ಟು ವರ್ಷ ಕೂತು ನಾನು ಕಲಿತದ್ದು ಮೆಲ್ಲಗೆ "ಎಕ್ಸ್‌ಕ್ಯೂಸ್ ಮೀ ಸರ್" ಅನ್ನುವುದನ್ನು. ಅಷ್ಟೇ ಅಂದೆ.

ಆ ಕಡೆಯ ಹಿರಿಯರು, "ಕನ್ನಡದಾಗ ಹೇಳವಾ, ಹೆದರಬ್ಯಾಡ. ಕುಡಿಯಾಕ ಹತ್ತಿ ಎಷ್ಟ ವರ್ಷ ಆತು?" ಅಂದರು.

ನಾನಲ್ಲ ಅನ್ನಬೇಕಿತ್ತು. ಆದರೆ ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿ ನನಗೆ ಗೊತ್ತಿಲ್ಲ. "ನಮ್ಮಲ್ಲೆ ಹೆಣ್ಮಕ್ಕಳೂ ಬರ್ತಾರ" ಎಂದು ಅವರು ಕಾಲು ತಾಸು ಧೈರ್ಯ ಹೇಳಿದರು, ನಾನು ಹೂಂ ಹೂಂ ಅಂದೆ. ಕಡೆಗೆ, "ಜನ್ಮಪೂರ್ತಿ ಬ್ಯಾಡ, ಇವತ್ತ ಒಂದ ದಿನ ಬಿಡ್ತಿ?" ಎಂದು ಕೇಳಿದರು.

"ಬಿಡ್ತೇನ್ರಿ" ಅಂದೆ.

ಹೀಗೆ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಕುಡಿತ ಬಿಟ್ಟವಳು ನಾನು.

ವೈರು

ಇದನ್ನು ಕೇಳಿ ಅಪ್ಪ ಬಹಳ ದಿನದ ಮೇಲೆ ನಕ್ಕರು. "ನೀನ ಬಿಟ್ಟಿ ಅಂದಮ್ಯಾಲೆ ನಾನೂ ಬರ್ತೇನಿ, ನಡಿ" ಅಂದರು.

ಸಭೆ ನಮ್ಮ ಗೋಕಾಕದಲ್ಲೂ ಇತ್ತು. ಆದರೆ ಅವ್ವ ತೀರಿದ ಮೇಲೆ ನಮ್ಮ ಮನೆ ನಡೆಸುವ ಅತ್ತಿ, "ಊರಾಗ ಗೊತ್ತಾದ್ರ ಈಕಿನ್ನ ಯಾರ ಮಾಡ್ಕೊಂತಾರ?" ಎಂದು ಹಟ ಹಿಡಿದರು. ಹಾಗಾಗಿ ಗುರುವಾರ ಮಧ್ಯಾಹ್ನ ಬಸ್ಸು ಹತ್ತಿ ಹುಕ್ಕೇರಿಗೆ ಹೋದೆವು. ಅಲ್ಲಿ ಕೂತಿದ್ದ ಎಂಟು ಮಂದಿಯಲ್ಲಿ ಆರು ಮಂದಿ ಗೋಕಾಕ ಕಡೆಯವರು.

"ಹುಕ್ಕೇರಿಯವರು ಎಲ್ಲ್ಯದಾರ್ರಿ?" ಎಂದು ಅಪ್ಪ ಕೇಳಿದರು.

"ಅವರು ಗೋಕಾಕಕ್ಕ ಹೋಗ್ಯಾರ್ರಿ."

ಅಪ್ಪನದು ಸುಟ್ಟ ಮೋಟಾರಿಗೆ ತಾಮ್ರದ ವೈರು ಸುತ್ತಿಕೊಡುವ ಅಂಗಡಿ. ಆ ಆರು ಮಂದಿಯಲ್ಲಿ ಅಂಕಲಗಿಯ ರೈತರೊಬ್ಬರು ಅಪ್ಪನನ್ನು ಗುರುತು ಹಿಡಿದುಬಿಟ್ಟರು. "ವೈರ್ ಬಂದಿಲ್ಲ, ವೈರ್ ಬಂದಿಲ್ಲ ಅಂತ ಎರಡ ತಿಂಗಳ ತಿರುಗಾಡಿಸಿದ್ರೆಲ್ಲ ಮಾರಾಯ್ರ?"

ಸಭೆಯಲ್ಲಿ ಖರೆ ಹೇಳಬೇಕೆಂಬ ನೇಮ. ಅಪ್ಪ ಎದ್ದು ನಿಂತು, ಕಿಡಕಿಯ ಕಡೆ ಮುಖ ಮಾಡಿ ಹೇಳಿದರು:

"ವೈರ್ ಬಂದಿತ್ತರಿ. ಅಂಗಡಿಗೆ ನಾನ ಬಂದಿದ್ದಿಲ್ಲ."

ಜಾಗೃತ ದೇವರು

ಗುರುವಾರಕ್ಕೊಮ್ಮೆ ಅಪ್ಪ-ಮಗಳು ಎಲ್ಲಿಗೆ ಹೋಗುತ್ತಾರೆಂದು ಓಣಿ ಕೇಳಿತು. "ದೇವರಿಗೆ" ಅಂದರು ಅತ್ತಿ.

ಮುಂದಿನ ಗುರುವಾರ ಬಾಜೂ ಮನೆಯ ಹೆಣ್ಣುಮಗಳು, ನಾವು ಕಾಕು ಅನ್ನುವವರು, ತೆಂಗಿನಕಾಯಿ ಹಿಡಿದು ಬಂದರು. "ನಂದೂ ಒಂದ ಒಡಸ್ಕೊಂಡ ಬರ್ರಿ." ಅದರ ಮುಂದಿನ ಗುರುವಾರ ನಾಲ್ಕು ಕಾಯಿ. ಸಭೆಯಲ್ಲಿ ಚಹಾದ ಜೊತೆ ಕೊಬ್ಬರಿ-ಬೆಲ್ಲ ಶುರುವಾಯಿತು. ಉಳಿದ ಹೋಳನ್ನು ಪ್ರಸಾದವೆಂದು ವಾಪಸು ತರುತ್ತಿದ್ದೆವು. ಒಬ್ಬರ ಎಮ್ಮೆ ಹೆಣ್ಣುಕರು ಹಾಕಿತು, ಇನ್ನೊಬ್ಬರ ಮಗ ಹತ್ತನೇ ಕ್ಲಾಸು ಪಾಸಾದ. "ಬಾಳ ಜಾಗೃತ ಐತಿ" ಎಂದು ಸುದ್ದಿಯಾಯಿತು.

"ಖರೆ ಹೇಳಿಬಿಡೂಣು" ಅಂದೆ. "ಬಾಯಿ ಮುಚ್ಚು. ನಿನ್ನ ಮದುವಿ ಆಗ್ಲಿ ಮೊದಲ" ಅಂದರು ಅತ್ತಿ.

ಮುಂದಿನ ಗುರುವಾರ, ತಮ್ಮ ಮೊಣಕಾಲಿನ ಸಲುವಾಗಿ, ಅತ್ತಿಯೂ ಒಂದು ಕಾಯಿ ಕೊಟ್ಟರು.

ನೋಡಲು ಬಂದವರು

ತುಕ್ಕಾನಟ್ಟಿಯಿಂದ ನನ್ನನ್ನು ನೋಡಲು ಬಂದವರು ಗುರುವಾರವೇ ಬಂದರು. ಬಸ್ಸಿನ ಹೊತ್ತಾಗಿತ್ತು. ಅಪ್ಪ ಗಡಿಯಾರ ನೋಡುತ್ತಿದ್ದರು. ಒಂದು ವಾರ ತಪ್ಪಿದರೆ ಇನ್ನೊಂದೂ ತಪ್ಪುತ್ತದೆ, ಆಮೇಲೆ ಕಾಲು ಎತ್ತ ಎಳೆಯುತ್ತವೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ವರನ ಕಾಕಾ, "ಕೂಡ್ರಿ, ಒಂದ ವಾರ ಹೋಗದಿದ್ರ ದೇವರೇನ ಸಿಟ್ಟಾಗೂದಿಲ್ಲ" ಅಂದರು.

ಅವಲಕ್ಕಿ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ ನಾನು ತಲೆ ಎತ್ತಿದೆ. "ಅದು ದೇವರಲ್ಲರಿ. ಕುಡಿಯೂದ ಬಿಟ್ಟವರ ಸಭಾ. ಅಪ್ಪ ಆರ ತಿಂಗಳಿಂದ ಮುಟ್ಟಿಲ್ಲ. ಜೋಡಿ ನಾ ಹೋಗ್ತೇನಿ. ಮದುವಿ ಆದಮ್ಯಾಲೂ ಹೋಗ್ತೇನಿ."

"ಇಂಥಾದ್ದ ಮುಚ್ಚಿಡಬೇಕವಾ" ಅಂದರು ಕಾಕಾ.

"ಮುಚ್ಚಿಟ್ಟ ಸಾಕಾಗೇತ್ರಿ."

ಅವರು ಅವಲಕ್ಕಿ ಮುಗಿಸಿ, ಚಹಾ ಕುಡಿದು, ಆಮೇಲೆ ಸಿಟ್ಟಾಗಿ ಎದ್ದು ಹೋದರು. ಅತ್ತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಡುಗೆಮನೆಯಲ್ಲಿ ಕೈ ಜೋಡಿಸಲು ಬಂದಿದ್ದ ಬಾಜೂ ಮನೆಯ ಕಾಕು ಸೌಟು ಹಿಡಿದೇ ಹೊರಗೆ ಬಂದರು.

"ಅಂದ್ರ ನನ್ನ ಒಂಬತ್ತ ಕಾಯಿ ಕುಡುಕರು ತಿಂದ್ರು?"

"ಬಿಟ್ಟವರು ತಿಂದ್ರು, ಕಾಕು" ಅಂದೆ. ಇವತ್ತು ಯಾರಿಗೂ ತಲೆ ತಗ್ಗಿಸುವುದಿಲ್ಲವೆಂದು ನಿಶ್ಚಯಿಸಿದ್ದೆ.

ಕಾಕು ಬಾಗಿಲಾಚೆ ತಮ್ಮ ಕಟ್ಟೆಯ ಕಡೆ ನೋಡಿದರು. ಅಲ್ಲಿ ಅವರ ಯಜಮಾನರು ಹಾಡಹಗಲೇ ತೂರಾಡುತ್ತ ತಮ್ಮದೇ ಚಪ್ಪಲಿ ಹುಡುಕುತ್ತಿದ್ದರು.

"ಒಂಬತ್ತೂ ಕಾಯಿಗೂ ನಾ ಬೇಡ್ಕೊಂಡಿದ್ದ ಏನಂದಿ? ಇವರ ಕುಡ್ಯೂದ ಬಿಡ್ಲಿ ಅಂತ!"

ಚಪ್ಪಲಿ ಮೆಟ್ಟುತ್ತಿದ್ದ ಅಪ್ಪನ ಹತ್ತಿರ ಬಂದು ದನಿ ತಗ್ಗಿಸಿದರು.

"ಅಣ್ಣಾರ, ಇನ್ನ ಕಾಯಿ ಬ್ಯಾಡ, ಇವರನ್ನ ಒಯ್ರಿ. ಆದ್ರ ನಿಮ್ಮ ಕಾಲಿಗೆ ಬೀಳ್ತೇನಿ, ಇವರ ಮುಂದ ಮಾತ್ರ ಅದು ದೇವರು ಅಂತನ ಹೇಳ್ರಿ."