ಮೂರು ವೋಟಿನ ಮನೆ

ಪ್ರಜಾಪ್ರಭುತ್ವ ಹುಟ್ಟಿದ್ದು ಎಲ್ಲೇ ಇರಲಿ, ಅದು ದಿನಾ ಬೆಳಿಗ್ಗೆ ಮುಖ ತೊಳೆದು ಕಾಫಿ ಕುಡಿಯುತ್ತಿದ್ದುದು ಮಾತ್ರ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ನಮ್ಮ ಮನೆಯಲ್ಲಿ!

ಅಂದೂ ಎಂದಿನಂತೆ ಗಣಿಯ ಸೈರನ್ ಕೂಗಿತು, ನಲ್ಲಿಯಲ್ಲಿ ಎರಡು ಕೊಡ ನೀರು ಬಂದು ನಿಂತಿತು, ಹಾಲು ಉಕ್ಕಿತು. ಗಣಿಯಿಂದ ನಿವೃತ್ತರಾದ ನಮ್ಮ ಮಾವ ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದು ನಡುಮನೆಗೆ ಬಂದರು. ಅದೇ ಮತಪೆಟ್ಟಿಗೆ!

ತಪ್ಪು ನನ್ನದೇ. ಮದುವೆಯಾದ ಹೊಸತರಲ್ಲಿ ಮಾವ ಪೇಪರಿನಲ್ಲಿ ‘ಎಲೆಕ್ಟೊರೇಟ್’ ಎಂಬ ಪದ ತೋರಿಸಿ, “ಕಾನ್ವೆಂಟಲ್ಲಿ ಓದಿದೋಳಲ್ವೇನಮ್ಮಾ, ಇದೇನೇಳು” ಎಂದಿದ್ದರು. ಒಬ್ಬರಾದರೆ ವೋಟರ್, ವೋಟಿನ ಹಕ್ಕಿರುವ ಅಷ್ಟೂ ಜನ ಸೇರಿದರೆ ಎಲೆಕ್ಟೊರೇಟ್. ಒಬ್ಬರನ್ನು ಬಿಟ್ಟರೂ ಅದು ಪೂರ್ತಿಯಲ್ಲ ಎಂದು ನಾನೂ ಟೀಚರಮ್ಮನಂತೆ ವಿವರಿಸಿದೆ. ಮುಗಿಯಿತು! ಮಾರನೆಯ ದಿನದಿಂದ ಹುಳಿಯೋ ಸಾರೋ ಎಂಬುದಕ್ಕೂ ಚುನಾವಣೆ. ಹುಳಿಗೆ ಬದನೆಕಾಯಿ ಗುರುತು, ಸಾರಿಗೆ ಟೊಮೆಟೊ. ವೋಟು ಹಾಕಿದವರ ಬೆರಳಿಗೆ ಪೆನ್ನಿನ ಮಸಿ.

“ಈ ಮುದುಕುಂಗೆ ಗಣಿಯೊಳಗಿನ ಗಾಳಿ ತಲೆಗೇರೈತೆ” ಎಂದು ಗೊಣಗುತ್ತಲೇ ಅತ್ತೆ ಬೆರಳೊಡ್ಡುತ್ತಿದ್ದರು.

ವೋಟು ಮೂರೇ: ಮಾವ, ಅತ್ತೆ, ನಮ್ಮ ಯಜಮಾನರು. ಮತ್ತೆ ನಾನು?

“ನಿನ್ ಎಸ್ರು ಇನ್ನೂ ಬಂಗಾರಪೇಟೆ ವೋಟರ್ ಪಟ್ಟೀಲೈತಲ್ಲಮ್ಮಾ! ರೂಲ್ಸು ರೂಲ್ಸೇ” ಎಂದರು ಮಾವ.

ಬೇಯಿಸುವವಳಿಗೇ ವೋಟಿಲ್ಲ! ನಕ್ಕೆ. ಆದರೂ ಎರಡು ವರ್ಷ ಈ ಮನೆಯ ಒಲೆ ಹಚ್ಚಿದ ಮೇಲೂ ನಾನು ತವರಿನ ಪಟ್ಟಿಯವಳೇ ಎನ್ನುವುದು ಆ ಬೆಳಿಗ್ಗೆ ಯಾಕೋ ಒಗ್ಗರಣೆಯ ಹೊಗೆಯಂತೆ ಕಣ್ಣಿಗೆ ಹತ್ತಿತು.

ಸಾರು ಗೆದ್ದಿತು. ಮಾವ ಛತ್ರಿ ಹಿಡಿದು ಎಲ್ಲಿಗೋ ಹೊರಟರು. ಒಗೆಯಲು ತೆಗೆದ ಅವರ ಅಂಗಿಯ ಜೇಬಿನಲ್ಲಿ ಬಂಗಾರಪೇಟೆ ರೈಲಿನ ಮೂರು ಹಳೆಯ ಟಿಕೆಟು! ಸಕ್ಕರೆ ಕಾಯಿಲೆಯ ಮನುಷ್ಯ. ಕದ್ದು ಜಿಲೇಬಿ ತಿನ್ನಲು ಅಷ್ಟು ದೂರವೇ?

“ಬರ್ಲಿ, ಇವತ್ತು ಬಾಯಿ ಮೂಸೇ ಒಳೀಕ್ ಬಿಡ್ತೀನಿ” ಎಂದರು ಅತ್ತೆ.

ಸಂಜೆ ಮೂಸಿದರು. ಬರೀ ಎಲೆಯಡಿಕೆ! ಮಾವ ಕೈಕಾಲು ತೊಳೆದು, ಮರುದಿನದ ಚೀಟಿಗಳನ್ನು ಕತ್ತರಿಸತೊಡಗಿದರು. ನೋಡಿದೆ. ನಾಲ್ಕು!

ಅಷ್ಟರಲ್ಲಿ ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಬಟ್ಟಲು ಒಡ್ಡುತ್ತಾ ಅಂದಳು: “ನಿಮ್ ಮಾವನ್ನ ಇವತ್ತು ಬಂಗಾರಪೇಟೆ ತಾಲ್ಲೂಕಾಫೀಸಲ್ಲಿ ನೋಡ್ದೆ ಕಣಕ್ಕಾ. ನಾಕನೇ ಸಲ ಬಂದವ್ರಂತೆ. ‘ನಮ್ ಸೊಸೆ ಎಸ್ರು ನಮ್ಮೂರ್ಗೆ ಆಕ್ಕೊಡಿ, ಅವ್ಳಿಲ್ದೆ ನಮ್ಮನೆ ಎಲೆಕ್ಟೊರೇಟು ಪೂರ್ತಿ ಆಗಲ್ಲ’ ಅಂತ ಗುಮಾಸ್ತನ ಎದ್ರಿಗೇ ಕೂತ್ಬುಟ್ಟಿದ್ರು... ಹೆಪ್ಪು ಒಸಿ ಜಾಸ್ತೀನೇ ಆಕಕ್ಕಾ.”