ಭಾವನ ಹೆಸರಿನ ಸೀಟು

ಮನುಷ್ಯನ ನಿಜವಾದ ಬುದ್ಧಿ ತಿಳಿಯಬೇಕಾದರೆ ಅವನ ಕೈಗೆ ಅಧಿಕಾರ ಕೊಡಬೇಕು ಎನ್ನುತ್ತಾರೆ. ಅಷ್ಟು ದೊಡ್ಡದೇನೂ ಬೇಡ. ಮದುವೆ ಮನೆಯಲ್ಲಿ ಯಾರನ್ನು ಯಾವ ಪಂಕ್ತಿಗೆ ಕೂರಿಸಬೇಕು ಎಂಬ ಉಸ್ತುವಾರಿ ಕೊಟ್ಟರೆ ಸಾಕು, ಅರ್ಧ ಗಂಟೆಯಲ್ಲಿ ಅವನ ಬಣ್ಣ ಬಯಲಾಗುತ್ತದೆ. ನನಗೆ ಅಂಥ ಉಸ್ತುವಾರಿಯನ್ನು ಇದುವರೆಗೆ ಯಾರೂ ಕೊಟ್ಟಿಲ್ಲ; ಎಲೆಗೆ ಉಪ್ಪು ಬಡಿಸುವುದಕ್ಕಷ್ಟೇ ಕರೆಯುತ್ತಾರೆ. ಹಾಗಾಗಿ ಐವತ್ತೊಂದು ವರ್ಷ ನಾನು ಒಳ್ಳೆಯವನೆಂದೇ ನಂಬಿಕೊಂಡು ಕಾಲ ಹಾಕಿದ್ದೆ. ಆ ನಂಬಿಕೆ ಕೆಟ್ಟದ್ದು ಒಂದು ಮೊಬೈಲ್ ಆಟದಿಂದ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಹೊಟ್ಟೆಯೊಳಗೇ ಕುಳಿತು ಕೊರೆಯುತ್ತದೆ.

ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ದೊಡ್ಡಬಳ್ಳಾಪುರದಿಂದ ದಿನವೂ ಕಂಪನಿ ಬಸ್ಸಿನಲ್ಲಿ ಹೋಗಿಬರುವುದು. ಆ ಬಸ್ಸಿನಲ್ಲಿ ಮೊದಲು ನಿದ್ದೆ ಮಾಡುತ್ತಿದ್ದೆವು. ಕ್ವಾಲಿಟಿ ವಿಭಾಗದ ಸೀನ ಎಂಬ ಗೆಳೆಯ ಬಂದು ಈ ಆಟ ಹಚ್ಚಿದ ಮೇಲೆ ನಿದ್ದೆಯೂ ಹೋಯಿತು, ಮರ್ಯಾದೆಯೂ ಹೋಯಿತು. ಆಟ ಇಷ್ಟೇ. ಒಂದು ಭೂಪಟ, ಅದರ ತುಂಬ ಚೂರು ಚೂರು ರಾಜ್ಯಗಳು, ಎಂಟು ಜನ ಆಟಗಾರರು. ದಿನಕ್ಕೊಂದು ಸಲ ಪ್ರತಿಯೊಬ್ಬನೂ ದಂಡು ಕೂಡಿಸಿ ಪಕ್ಕದವನ ನೆಲ ಹಿಡಿಯಬೇಕು. ಕೊನೆಗೆ ಭೂಪಟವೆಲ್ಲ ಯಾರ ಬಣ್ಣಕ್ಕೆ ತಿರುಗುತ್ತದೋ ಅವನು ಗೆದ್ದ. ಒಂದು ಆಟ ಮುಗಿಯಲು ಎರಡು ವಾರ ಬೇಕು. ನಾನು ಊಟಕ್ಕೆ ಕುಳಿತಾಗಲೂ ಗಡಿ ಕಾಯುತ್ತಿದ್ದುದನ್ನು ನೋಡಿ ನನ್ನ ಹೆಂಡತಿ ಹೇಳಿದಳು: "ಪಕ್ಕದ ಮನೆಯೋರು ನಮ್ಮ ಗೇಟಿಗೆ ಸ್ಕೂಟರ್ ಅಡ್ಡ ನಿಲ್ಲಿಸಿದ್ರೆ ತೆಗೀರಿ ಅನ್ನೋಕೆ ಬಾಯಿಲ್ಲ. ಇಲ್ಲಿ ನೋಡಿದ್ರೆ ಚಕ್ರವರ್ತಿ."

ಬಸ್ಸಿನಲ್ಲಿ ನಾವು ಏಳು ಜನ ಆಡುವವರು. ಪ್ರತಿಸಲ ಹೊಸ ಆಟ ಹೂಡುವ ಕೆಲಸ ನನ್ನ ಪಾಲಿಗೆ ಬಂತು. ಸ್ಟೋರ್ಸಿನವನು, ಯಾವುದನ್ನು ಎಲ್ಲಿಡಬೇಕೆಂದು ಗೊತ್ತಿರುವವನು ಎಂದು ಸೀನನೇ ಶಿಫಾರಸು ಮಾಡಿದ. ಹೂಡುವವನಿಗೆ ಬಹಳ ಅಧಿಕಾರವಿದೆ ಸ್ವಾಮಿ. ಯಾವ ಭೂಪಟ, ಒಂದು ಸರದಿಗೆ ಎಷ್ಟು ಗಂಟೆ, ಎದುರಾಳಿಯ ದಂಡು ಕಣ್ಣಿಗೆ ಕಾಣಬೇಕೋ ಬೇಡವೋ, ಯಾರ ಪಕ್ಕ ಯಾರು, ಎಲ್ಲವೂ ಅವನ ಬೆರಳಿನಲ್ಲಿ. ನಾನು ಮಾಡಿದ ಮೊದಲ ಕೆಲಸವೆಂದರೆ ಒಂದೇ ದಾರಿಯಿರುವ ದಕ್ಷಿಣದ ಮೂಲೆಯನ್ನು ನನಗೆ ಇಟ್ಟುಕೊಂಡದ್ದು. ಎರಡನೆಯದು, ಸೀನನನ್ನು ನಾಲ್ಕು ಕಡೆಯಿಂದಲೂ ಹೊಡೆತ ಬೀಳುವಂತೆ ನಡುಮಧ್ಯೆ ಕೂರಿಸಿದ್ದು. ಪಂಕ್ತಿಯ ಉಸ್ತುವಾರಿ ಯಾಕೆ ಯಾರೂ ನನಗೆ ಕೊಡುತ್ತಿರಲಿಲ್ಲ ಎಂಬುದು ಅಲ್ಲೇ ತಿಳಿಯಬೇಕಿತ್ತು.

ಏಳು ಜನ ಕೂತ ಮೇಲೆ ಎಂಟನೆಯ ಜಾಗ ಖಾಲಿ ಉಳಿಯುತ್ತಿತ್ತು. ಅಲ್ಲಿ ಕಂಪ್ಯೂಟರನ್ನೇ ಆಡಲು ಕೂರಿಸಬಹುದು. ಅದು ಎಷ್ಟು ಜಾಣ ಇರಬೇಕೆಂದೂ ನಾವೇ ಹೇಳಬಹುದು: ಸುಲಭ, ಸಾಧಾರಣ, ಕಠಿಣ. ಪುಕ್ಕಟೆ ನೆಲ ಸಿಗಲಿ ಎಂದು ಎಲ್ಲರೂ ಸುಲಭ ಎಂದರು. ಅದಕ್ಕೊಂದು ಹೆಸರು ಕೊಡಬೇಕು. ಮೊದಲ ಆಟದಲ್ಲಿ ನಮ್ಮ ಮ್ಯಾನೇಜರರ ಹೆಸರು ಕೊಟ್ಟೆವು. ಏಳು ಜನವೂ ಅವರ ಮೇಲೆಯೇ ಬಿದ್ದು ಎರಡು ದಿನಕ್ಕೆ ಆಟ ಕೆಟ್ಟಿತು. ಸಾಲದ್ದಕ್ಕೆ ಸುದ್ದಿ ಮೇಲಕ್ಕೆ ಹೋದೀತೆಂಬ ಭಯ ಬೇರೆ. ಈ ಸುಲಭದ ಯಂತ್ರದ ಸ್ವಭಾವ ವಿಚಿತ್ರ. ತನ್ನ ದಂಡನ್ನೆಲ್ಲ ಮನೆಯಲ್ಲೇ ಕೂಡಿಹಾಕಿಕೊಂಡು ಸುಮ್ಮನೆ ಕೂತಿರುತ್ತದೆ. ಯಾರ ತಂಟೆಗೂ ಹೋಗುವುದಿಲ್ಲ. ನೆಲ ಕಿತ್ತುಕೊಂಡರೆ ಕೊಟ್ಟು ಸುಮ್ಮನಾಗುತ್ತದೆ. ಎರಡನೆಯ ಆಟ ಹೂಡುವಾಗ ನನ್ನ ಬಾಯಿಂದ, "ಇದು ಥೇಟ್ ನಮ್ಮ ಮುನಿಕೃಷ್ಣ ಭಾವನ ಥರಾನೇ ಕಣ್ರೋ" ಎಂಬ ಮಾತು ಬಂದುಬಿಟ್ಟಿತು. ಇಡೀ ಬಸ್ಸು ನಕ್ಕಿತು. ನನ್ನ ಮಾತಿಗೆ ಬಸ್ಸು ನಕ್ಕದ್ದು ಅದೇ ಮೊದಲು. ಆ ಅಮಲಿನಲ್ಲಿ ಎಂಟನೆಯ ಜಾಗದ ಮುಂದೆ "ಮುನಿಕೃಷ್ಣ ಭಾವ" ಎಂದು ಬರೆದು, ಪಕ್ಕದಲ್ಲಿ "ಸುಲಭ" ಒತ್ತಿದೆ. ನನ್ನ ಮೂಲೆಯ ಪಕ್ಕದಲ್ಲೇ ಜಾಗ ಕೊಟ್ಟೆ. ಪ್ರೀತಿಯಿಂದ ಅಲ್ಲ, ಮೊದಲ ತುತ್ತು ನನಗೇ ಸಿಗಲಿ ಎಂದು.

ಮುನಿಕೃಷ್ಣ ಭಾವ ನನ್ನ ರತ್ನಕ್ಕನ ಗಂಡ. ರಾಜಘಟ್ಟದವರು. ನೆಲ ಅಗೆದವರಿಗೆ ಹಳೇ ಕಾಲದ ಇಟ್ಟಿಗೆಗಳು ಸಿಕ್ಕ ಊರದು. ಅಲ್ಲಿ ಎಷ್ಟು ರಾಜ್ಯಗಳು ಬಂದು ಹೋದವೋ, ಭಾವ ಮಾತ್ರ ರಾಗಿ, ಹುರುಳಿ, ಎರಡು ಹಸು ಎಂದು ಇದ್ದಾರೆ. ಪಕ್ಕದ ಹೊಲದವನು ವರ್ಷಕ್ಕೊಂದು ಸಾಲು ಬದು ಒತ್ತಿಕೊಂಡು ಬಂದಾಗ ಅಕ್ಕ ಜಗಳಕ್ಕೆ ಹೊರಟರೆ, "ಬಿಡೇ, ಅವನೂ ಎಷ್ಟೂಂತ ಒತ್ತಾನು, ಮುಂದೆ ರಸ್ತೆ ಅಡ್ಡ ಬರ್ತದೆ" ಎಂದವರು. ನಾನು ಐ.ಟಿ.ಐ. ಓದಿದ್ದು ಅವರ ಮನೆಯಲ್ಲಿದ್ದುಕೊಂಡು. ಇದ್ದ ಒಂದು ಕೋಣೆಯನ್ನು ನನಗೆ ಕೊಟ್ಟು ಎರಡು ವರ್ಷ ಅವರು ಜಗಲಿಯಲ್ಲಿ ಮಲಗಿದರು. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಭಾವ ನನಗಿಂತ ಮುಂಚೆ ಸ್ಟಾಪಿಗೆ ಓಡಿ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಲ್ಲಿ ಹೆಗಲ ಮೇಲಿನ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದರು. ಪರೀಕ್ಷೆ ಇದ್ದ ದಿನ ನಾನು ಕೂತು ಓದಿಕೊಂಡು ಹೋಗಲಿ ಎಂದು. ತಾವು ಬಸ್ಸು ಹತ್ತುತ್ತಲೂ ಇರಲಿಲ್ಲ. ಟವೆಲ್ ನಾನು ಸಂಜೆ ವಾಪಸು ತಂದುಕೊಡುತ್ತಿದ್ದೆ.

ಅಂಥವರ ಹೆಸರು ನಮ್ಮ ಬಸ್ಸಿನಲ್ಲಿ ನುಡಿಗಟ್ಟಾಗಿ ಹೋಯಿತು. ಪುಕ್ಕಟೆ ನೆಲ ಹಿಡಿಯುವುದಕ್ಕೆ "ಭಾವನ ಮನೆಗೆ ಹೋಗಿಬರೋದು" ಎಂದು ಹೆಸರಾಯಿತು. ಸೀನ ಹತ್ತುವಾಗಲೇ, "ಗುರು, ಇವತ್ತು ಭಾವನ ಮನೆಗೆ ಹೋಗಿದ್ದೆ, ಮೂರು ರಾಜ್ಯ ಕೊಟ್ಟು ಕಳಿಸಿದ್ರು" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ.

ಹೀಗಿರುವಾಗ ಭಾವ ಹುಲ್ಲಿನ ಮೆದೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಸೊಂಟದವರೆಗೆ ಪ್ಲಾಸ್ಟರು. ನೋಡಲು ಹೋದಾಗಲೂ ನಾನು ಮೊಬೈಲ್ ಬಿಟ್ಟಿರಲಿಲ್ಲ. "ಅದೇನಪ್ಪಾ ರಮೇಶ, ಅಷ್ಟು ಹೊತ್ತಿಂದ ಉಜ್ತಿದೀಯ? ನನ್ಗೂ ಹೇಳ್ಕೊಡು. ಮಲಗಿ ಮಲಗಿ ತೊಲೆ ಎಣಿಸೋದಾಯ್ತು" ಎಂದರು. "ಜಾಗ ಇಲ್ಲ ಭಾವ, ಎಂಟೇ ಜನ ಆಡೋದು" ಎಂದೆ. "ಸರಿ ಬಿಡು, ಮುಂದಿನ ಸಲ ನೋಡು" ಎಂದರು. ಮುಂದಿನ ಸಲವೂ ಅದನ್ನೇ ಹೇಳಿದೆ. ಅದರ ಮುಂದಿನ ಸಲ ಅವರು ಕೇಳಲಿಲ್ಲ, ನಾನೇ ಹೇಳಿದೆ. ತಪ್ಪು ಮಾಡಿದವನಿಗೆ ಕೇಳದ ಪ್ರಶ್ನೆಗೂ ಉತ್ತರ ಕೊಡುವ ಚಟವಿರುತ್ತದೆ.

ಆಮೇಲೆ ಒಂದು ಭಾನುವಾರ ಹೊಸ ಆಟ ಹೂಡಿದೆ. ಎಲ್ಲ ಸರಿಯಾಗಿಯೇ ಮಾಡಿದೆ, ಹೊರಗಿನವರು ಬರದಂತೆ ಬೀಗ ಹಾಕುವುದೊಂದನ್ನು ಮರೆತೆ. ಮಧ್ಯಾಹ್ನ ಭಾವನ ಫೋನು. ಧ್ವನಿಯಲ್ಲಿ ಅಂಥ ಸಂತೋಷವನ್ನು ಕಾಲು ಮುರಿದ ಮೇಲೆ ನಾನು ಕೇಳಿಯೇ ಇರಲಿಲ್ಲ. "ಲೇ ರಮೇಶ, ನಮ್ಮ ಪಲ್ಲವಿ ನನ್ನ ಮೊಬೈಲಿಗೆ ನಿನ್ನ ಆಟ ಹಾಕ್ಕೊಟ್ಲು. ನಿನ್ನ ಹೆಸರು ಹುಡುಕಿದ್ರೆ, ಅಲ್ಲಿ ನನ್ನ ಹೆಸರೂ ಐತೆ. ಭಾವ ಅಂತ ಬೇರೆ ಬರ್ದಿದೀಯ. ಬಾಯಲ್ಲಿ ಜಾಗ ಇಲ್ಲ ಅಂದ್ಕೊಂಡು ಟವೆಲ್ ಹಾಕಿಟ್ಟಿದೀಯಲ್ಲಪ್ಪಾ, ಕಳ್ಳ."

ಪಲ್ಲವಿ ಅವರ ಮಗಳು, ಡಿಗ್ರಿ ಓದುತ್ತಿದ್ದಾಳೆ. ಯಂತ್ರ ಕೂತ ಜಾಗವನ್ನು ಮನುಷ್ಯರು ಮುಟ್ಟಿದರೆ ಅದು ಎದ್ದು ಜಾಗ ಬಿಡುತ್ತದೆ. ಅವಳು ಮುಟ್ಟಿದಳು, ಅದು ಎದ್ದಿತು, ಭಾವ ಕೂತರು, ಆಟ ಶುರುವಾಯಿತು. ನಾನು "ಹ್ಞೂಂ ಭಾವ" ಎಂದೆ. ಅದಕ್ಕಿಂತ ಕೆಟ್ಟ ಸುಳ್ಳನ್ನು ಅಷ್ಟು ಚಿಕ್ಕ ಮಾತಿನಲ್ಲಿ ನಾನು ಯಾವತ್ತೂ ಹೇಳಿಲ್ಲ. ಬಸ್ಸಿನವರಿಗೆ ಸೋಮವಾರ ಬೆಳಿಗ್ಗೆ ಹೇಗಾದರೂ ಹೇಳಿ ಎಚ್ಚರಿಸೋಣ ಎಂದುಕೊಂಡೆ. ಸೀನ ಅಷ್ಟು ಕಾಯುವ ಆಳಲ್ಲ. ಸಂಜೆ ಟೀ ಹೊತ್ತಿಗೇ ದಂಡು ನುಗ್ಗಿಸಿ, ಎಲ್ಲರಿಗೂ ಕಾಣುವ ಆಟದ ಚಾಟಿನಲ್ಲಿ ಬರೆದ: "ಮಾಮೂಲಿನಂತೆ ಮೊದಲು ಭಾವನ ಮನೆ. ಕೇಳೋರಿಲ್ಲ ಹೇಳೋರಿಲ್ಲ."

ಹತ್ತು ನಿಮಿಷ ಬಿಟ್ಟು ಅದರ ಕೆಳಗೆ ಉತ್ತರ ಬಂತು: "ಬನ್ನಿ. ಕಾಲು ಪ್ಲಾಸ್ಟರಲ್ಲಿದೆ, ಎದ್ದು ಬಾಗಿಲು ತೆಗೆಯೋಕಾಗಲ್ಲ. ನೀವೇ ತಳ್ಕೊಂಡು ಬನ್ನಿ."

ಸೀನ ನನಗೆ ಫೋನು ಮಾಡಿದ. "ಗುರು, ಮಷೀನು ಮಾತಾಡ್ತಿದೆ ಕಣೋ. ಕಾಲು ಮುರಿದಿದೆ ಅಂತಿದೆ."

ಮಾರನೆಯ ಸಂಜೆ ಬಸ್ಸಿಳಿದವನು ಮೂಸಂಬಿ ಹಿಡಿದುಕೊಂಡು ರಾಜಘಟ್ಟಕ್ಕೆ ಹೋದೆ. ಭಾವ ಮಂಚದ ಮೇಲೆ ಕಾಲಿಗೆ ದಿಂಬು ಕೊಟ್ಟು, ಕನ್ನಡಕ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದರು. "ಬಾರಪ್ಪಾ. ನೋಡು, ಸುತ್ತ ಕಾವಲು ಹಾಕಿದೀನಿ. ನಿನ್ನ ಕಡೆ ಮಾತ್ರ ಒಬ್ಬ ಸಿಪಾಯೀನೂ ಇಟ್ಟಿಲ್ಲ. ನೀನಿದೀಯಲ್ಲ" ಎಂದರು. ನಾನು ಮೂಸಂಬಿ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದೆ. ಸ್ಟೋರ್ಸಿನವನು.

ಅಕ್ಕ ಕಾಫಿ ತರಲು ಒಳಗೆ ಹೋದಳು. ಭಾವ ಕನ್ನಡಕ ತೆಗೆದು ಮಡಚಿಟ್ಟರು. "ಅಲ್ಲ ರಮೇಶ, ಆ ಸೀನ ಅನ್ನೋನು ಮಾಮೂಲಿನಂತೆ ಅಂತ ಬರ್ದಿದಾನೆ. ನಂದು ಇದೇ ಮೊದಲ್ನೇ ಆಟ ಅಲ್ವಾ?"

"ಅದು ಬೇರೆ ಯಾರಿಗೋ ಬರೆದಿರ್ಬೇಕು ಭಾವ."

"ಪಲ್ಲವಿ ಹಳೇ ಆಟಗಳನ್ನೂ ತೆಗೆದು ತೋರಿಸಿದ್ಲು. ನಾಲ್ಕು ಆಟದಲ್ಲೂ ಕೂತಿದೀನಿ ನಾನು. ನಾಲ್ಕರಲ್ಲೂ ಮೊದಲು ಹೋಗಿದ್ದು ನನ್ನ ನೆಲಾನೇ." ಸಿಟ್ಟು ಮಾಡಿಕೊಂಡರಾದರೂ ಸಾಕು ಎಂದು ನಾನು ಕಾದೆ. "ನನ್ನ ಹೆಸರಿಗೆ ಜಾಗ ಇತ್ತು, ನನಗಿರ್ಲಿಲ್ಲ, ಅಲ್ವೇನಪ್ಪಾ? ಹೋಗ್ಲಿ ಬಿಡು. ಕಾಫಿ ಬಂತು, ಆರೋಗ್ತದೆ, ಕುಡಿ."

ಕುಡಿದೆ. ಕ್ಷಮಿಸಿ ಎನ್ನುವ ಮಾತು ನಮ್ಮ ಮನೆಗಳಲ್ಲಿ ಆಡಿ ಅಭ್ಯಾಸವಿಲ್ಲ. ಅದರ ಬದಲು ಮೂಸಂಬಿ ಕೊಟ್ಟುಬರುತ್ತೇವೆ. ಅಷ್ಟು ನಾಚಿಕೆ ನನಗೆ ಹತ್ತನೇ ಕ್ಲಾಸು ಡುಮ್ಕಿ ಹೊಡೆದಾಗಲೂ ಆಗಿರಲಿಲ್ಲ. ಮರುದಿನ ಬಸ್ಸಿನಲ್ಲಿ ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ಸೀನ ಹಿಡಿದ ನೆಲವನ್ನು ಬಿಟ್ಟುಕೊಡಲು ನೋಡಿದ. ಬಿಟ್ಟುಕೊಡುವ ಗುಂಡಿಯೇ ಆ ಆಟದಲ್ಲಿಲ್ಲ.

ಆ ಆಟ ಮುಗಿದ ಮೇಲೆ ನಾನು ಹೊಸದು ಹೂಡಲಿಲ್ಲ. ಒಂದು ಸಂಜೆ ಭಾವನೇ ಫೋನು ಮಾಡಿದರು. "ಈ ಸಲ ನಾನೇ ಹೂಡಿದೀನಿ ಕಣಪ್ಪಾ, ಸೀನ ಹೇಳ್ಕೊಟ್ಟ. ಎಲ್ಲಾ ಕೂತವ್ರೆ. ನನ್ನ ಪಕ್ಕ ನಿನಗೆ ಟವೆಲ್ ಹಾಕಿದೀನಿ, ಬಾ." ಹೋಗಿ ಕೂರಲು ನನಗೆ ಮುಖವಿರಲಿಲ್ಲ. ಸ್ಟಾಕ್ ಲೆಕ್ಕ ಇದೆ, ಕೆಲಸ ಜಾಸ್ತಿ, ನೀವು ಆಡಿ ಭಾವ ಎಂದೆ. "ಸರಿ, ಜಾಗ ಇರ್ತದೆ. ಅಲ್ಲೀವರ್ಗೂ ಮಷೀನು ಆಡ್ತಿರ್ಲಿ" ಎಂದರು.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಬಸ್ಸಿನಲ್ಲಿ ಯಾರಿಗೂ ಕಾಣದಂತೆ ತೆರೆದು ನೋಡಿದೆ. ಒಂದೇ ದಾರಿಯಿರುವ ದಕ್ಷಿಣದ ಮೂಲೆಯನ್ನು ಭಾವ ತಮಗೆ ಇಟ್ಟುಕೊಂಡಿರಲಿಲ್ಲ, ನನಗೆ ಬಿಟ್ಟಿದ್ದರು. ಅಲ್ಲಿ ಯಂತ್ರ ಕೂತಿತ್ತು. ಅದರ ಹೆಸರು "ರಮೇಶ", ಪಕ್ಕದಲ್ಲಿ "ಕಠಿಣ" ಎಂದಿತ್ತು. ನನ್ನನ್ನು ಸುಲಭ ಎಂದು ಬರೆಯಲು ಅವರಿಗೆ ಮನಸ್ಸು ಬಂದಿರಲಿಲ್ಲ. ನಮ್ಮಿಬ್ಬರ ನಡುವಿನ ಗಡಿಯಲ್ಲಿ ಈ ಸಲವೂ ಅವರು ಒಬ್ಬ ಸಿಪಾಯಿಯನ್ನೂ ನಿಲ್ಲಿಸಿರಲಿಲ್ಲ.

ಆ ಯಂತ್ರ ನನ್ನನ್ನು ಕಂಡದ್ದಿಲ್ಲ, ನನ್ನ ಬಗ್ಗೆ ಯಾರೂ ಅದಕ್ಕೆ ಹೇಳಿದ್ದೂ ಇಲ್ಲ. ಆದರೂ ಮೊದಲ ದಿನವೇ ದಂಡು ಕಟ್ಟಿಕೊಂಡು, ನನ್ನ ಹೆಸರಿನಲ್ಲಿ, ಸೀದಾ ಭಾವನ ಮನೆಗೆ ಹೋಗಿತ್ತು.