ನಾಲ್ಕನೇ ಹಾಡಿನಲ್ಲಿ ಅವ್ವ

ಬ್ಲಫ್‌ನ ಜಲಪಾತದ ವಿದ್ಯುದಾಗಾರದಲ್ಲಿ ಮೂವತ್ತು ವರ್ಷ ಟರ್ಬೈನಿನ ಗುಡುಗು ಕೇಳಿಯೂ ಕಿವಿ ಉಳಿಸಿಕೊಂಡಿದ್ದ ಜಯಪ್ರಕಾಶನಿಗೆ ಈಗ ಒಂದೇ ಕೊರಗು: ಹೊಸ ಆಲ್ಬಮ್ಮಿನಲ್ಲಿ ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ!

ಹಾಡುಗಳೇನೂ ಹೊಸವಲ್ಲ. ಮಂಡ್ಯದಲ್ಲಿ ಐಟಿಐ ಓದುವಾಗ ಅವನಿಗೆ ಹುಚ್ಚು ಹಿಡಿಸಿದ್ದ ಇಂಗ್ಲಿಷ್ ರಾಕ್ ಹಾಡುಗಳೇ. ಹಾಡಿದವರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಉಳಿದವರ ಉದ್ದಗೂದಲು ಉದುರಿಹೋಗಿದೆ. ಈಗ ಯಾರೋ ಪುಣ್ಯಾತ್ಮರು ಹಳೆಯ ಹಾಡುಗಳನ್ನು ತಿಕ್ಕಿ ತೊಳೆದು, ರೀಮಾಸ್ಟರ್ ಮಾಡಿ ಬಿಟ್ಟಿದ್ದರು. ಮಗಳು ಅರ್ಪಿತ ಅದನ್ನು ಮೊಬೈಲಿಗೆ ಹಾಕಿ ಹೊಸ ಸ್ಪೀಕರ್ ಜೋಡಿಸಿಕೊಟ್ಟಳು. ಭಾನುವಾರ ಬೆಳಿಗ್ಗೆ ಜಯಪ್ರಕಾಶ ತಲೆಗೆ ಸ್ನಾನ ಮಾಡಿ ಮದುವೆ ಗಂಡಿನಂತೆ ಕುಳಿತ.

ಏನು ಗಿಟಾರು! ಏನು ಡ್ರಮ್ಮು! ಹಾಡುಗಾರ ಉಸಿರೆಳೆದದ್ದೂ ಕೇಳಿಸಿತು. ನಾಲ್ಕನೇ ಹಾಡಿನಲ್ಲಿ ಗಿಟಾರು ಏರಿ ಏರಿ ಒಂದು ಕಡೆ ನಿಂತಾಗ ಅವನು ಕಣ್ಣು ಮುಚ್ಚಿ ಕಾದ. ಗಿಟಾರು ತನ್ನ ಪಾಡಿಗೆ ಮುಂದೆ ಹೋಯಿತು. ಅವ್ವ ಕೂಗಲಿಲ್ಲ.

(ಇಲ್ಲಿ ಸ್ವಲ್ಪ ವಿವರಿಸಬೇಕು. ಆಗ ಅವನು ಗೆಳೆಯ ಸಂತೋಷನ ಟೇಪ್ ರೆಕಾರ್ಡರನ್ನು ತನ್ನದರ ಎದುರು ಮೂತಿಗೆ ಮೂತಿ ತಾಗುವಂತೆ ಕೂರಿಸಿ, ಅದರಲ್ಲಿ ಹಾಡಿಸಿ ಇದರಲ್ಲಿ ಕ್ಯಾಸೆಟ್ಟಿಗೆ ಹಿಡಿದಿದ್ದ. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಕೆಮ್ಮಕೂಡದೆಂದು ರಾಜಾಜ್ಞೆ ಹೊರಡಿಸಿದ್ದ. ಅವ್ವ ಪಟ್ಟಲಮ್ಮನಿಗೆ ರಾಜಾಜ್ಞೆ ಯಾವ ಮೂಲೆಗೆ? ನಾಲ್ಕನೇ ಹಾಡಿನ ನಡುವೆ ಹಿತ್ತಲಿಂದ ಕೂಗಿಯೇಬಿಟ್ಟಳು. ಅವತ್ತು ಅವನು ಸಿಟ್ಟಿನಿಂದ ಎರಡು ಹೊತ್ತು ಉಣ್ಣಲಿಲ್ಲ.)

ಅವ್ವ ಹೋಗಿ ಹನ್ನೊಂದು ವರ್ಷ. ಫೋಟೋ ಇದೆ, ದನಿ ಉಳಿದಿದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಅವಳನ್ನೊಮ್ಮೆ ಕೇಳಬೇಕೆನಿಸಿತು. ಅಟ್ಟ ಹತ್ತಿ ಟ್ರಂಕು ತೆರೆದರೆ ಖಾಲಿ.

"ಲೇ ಚಲುವಿ, ನನ್ ಕ್ಯಾಸೆಟ್ ಎಲ್ಲಮ್ಮೀ?"

ಹೆಂಡತಿ ಚಲುವಮ್ಮ ರೊಟ್ಟಿ ತಟ್ಟುತ್ತಲೇ ಹೇಳಿದಳು: "ರಾಗಿ ಒಲ್ದಲ್ಲಿ ಅದೆ."

"ಒಲ್ದಲ್ಲಿ ಏನ್ ಮಾಡ್ತದೆ?"

"ಕೆಲ್ಸ ಮಾಡ್ತದೆ, ನಿಮ್ಮಂಗೆ ಕುಂತಿರ್ತದಾ? ತೆನೆ ಆಲು ತುಂಬ್ಕಂಡದೆ, ಗಿಣಿ ಬುಡ್ತಾವಾ? ರೀಲು ಕಿತ್ತು ಸುತ್ಲೂ ಗೂಟಕ್ಕೆ ಕಟ್ಟಿವ್ನಿ. ಗಾಳಿಗೆ ಗುಯ್ ಅಂತದೆ, ಒಂದು ಗಿಣಿನೂ ಇಳಿಯಾಕಿಲ್ಲ."

"ಅದ್ರಲ್ಲಿ ನಮ್ಮವ್ವ ಅವ್ಳೆ ಕಣಮ್ಮೀ!"

"ಅದ್ಕೇ ಎದ್ರುಕತಾವೆ ಬುಡಿ!"

ಜಯಪ್ರಕಾಶ ಹೊಲಕ್ಕೆ ಓಡಿದ. ಕಂದು ರೀಲು ಬಿಸಿಲಿಗೆ ಹೊಳೆಯುತ್ತಾ ಗುಂಯ್‌ಗುಡುತ್ತಿತ್ತು. ಅವ್ವ ಯಾವ ಗೂಟದ ಹತ್ತಿರ ಇರಬಹುದೆಂದು ಅವನು ಗೂಟಗೂಟಕ್ಕೂ ಕಿವಿಯಿಟ್ಟ. ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಹೊಲದ ಕೆಂಪಸಿದ್ದಯ್ಯ, "ಯಾಕ್ಲಾ ಜಯಾ, ಗೂಟ ಫೋನ್ ಮಾಡ್ತಾ?" ಎಂದು ಕೇಳಿದ. ಜಯಪ್ರಕಾಶ ರೀಲನ್ನೆಲ್ಲ ಬಿಚ್ಚಿ ಮನೆಗೆ ತಂದ.

ಮೂರು ದಿನ ರಜೆ ಹಾಕಿದ. ಹರಿದಲ್ಲೆಲ್ಲ ಅಂಟಿಸಿ, ಪೆನ್ಸಿಲು ತೂರಿಸಿ ಸುತ್ತಿದ. ಹಳೆಯ ಟೇಪ್ ರೆಕಾರ್ಡರಿಗೆ ಎರಡು ಏಟು ಕೊಟ್ಟ ಮೇಲೆ ಅದು ಓಡಿತು. ಗಿಟಾರು ನೆಗಡಿ ಬಂದವರಂತೆ ನರಳಿತು. ಆಮೇಲೆ ಅವಳು ಬಂದಳು.

"ಲೋ ಜಯಾ! ಆ ಡಬ್ಬ ಆರ್ಸಿ ಒಲುಕ್ಕೋಗ್ಲಾ! ಗಿಣಿ ರಾಗಿ ತಿಂದಾಕ್ತಾವೆ! ಯಾವತ್ತಾರ ನನ್ ಮಾತು ಕೇಳಿದ್ಯೇನ್ಲಾ?"

"ಕೇಳ್ತಾವ್ನಿ ಕಣವ್ವಾ," ಎಂದು ಜಯಪ್ರಕಾಶ ಹೆಂಗಸರಂತೆ ಅತ್ತ. ರೀಲು ಮತ್ತೆ ಹರಿಯುವ ಮೊದಲು ಅರ್ಪಿತ ಇನ್ನೊಮ್ಮೆ ಹಾಡಿಸಿ, ಅವನ ಮೊಬೈಲನ್ನು ಡಬ್ಬದ ಮೂತಿಗೆ ಹಿಡಿದು ಅಜ್ಜಿಯನ್ನು ತುಂಬಿಸಿಕೊಂಡಳು.

"ಗೊರಗೊರ ಸದ್ದು ತೆಗೆದು ಕ್ಲೀನ್ ಮಾಡ್ಲಾ ಅಪ್ಪಾ?"

"ಒಂದ್ ಚೂರೂ ಮುಟ್ಬ್ಯಾಡ!"

ಅಷ್ಟರಲ್ಲಿ ಚಲುವಮ್ಮ ಹೊಲದಿಂದ ಬಂದು ಮಡಿಲಲ್ಲಿದ್ದ ಬೋಳು ತೆನೆಗಳನ್ನು ಅವನ ಮುಂದೆ ಸುರಿದಳು. ರೀಲು ಹೋದದ್ದು ಗಿಣಿಗಳಿಗೆ ಗೊತ್ತಾಗಿತ್ತು. ಅವಳು ಬೈಯಲಿಲ್ಲ. ಒಂದು ಹಳೇ ತಟ್ಟೆ, ಒಂದು ಕೋಲು ಅವನ ಕೈಗಿತ್ತು, "ಅತ್ತೆ ಏಳಿದ್ದು ಕೇಳುಸ್ತಲ್ಲ? ಓಗಿ," ಎಂದಳು.

ಅವ್ವನ ಮಾತಿಗೆ ಮೂವತ್ತೈದು ವರ್ಷ ತಡವಾಗಿ ಜಯಪ್ರಕಾಶ ಹೊಲಕ್ಕೆ ಹೋದ. ತಟ್ಟೆ ಬಡಿದ, ಗಂಟಲು ಹರಿಯುವಂತೆ ಕೂಗಿದ. ಗಿಣಿಗಳು ಕ್ಯಾರೇ ಅನ್ನಲಿಲ್ಲ. ಸೋತು ಬದುವಿನ ಮೇಲೆ ಕುಳಿತು, ಜೊತೆಗೆ ತಂದಿದ್ದ ಹೊಸ ಸ್ಪೀಕರಿಗೆ ಮೊಬೈಲು ಜೋಡಿಸಿ ದನಿ ಪೂರ್ತಿ ಏರಿಸಿದ.

"ಲೋ ಜಯಾ!"

ಗಿಣಿಗಳ ಹಿಂಡು ಒಟ್ಟಿಗೇ ಮೇಲೆದ್ದಿತು. ಬದುವಿನ ಮೇಲೆ ಕುಳಿತಿದ್ದ ಜಯಪ್ರಕಾಶನೂ ಪಂಚೆ ಸರಿಮಾಡಿಕೊಂಡು ದಡಬಡನೆ ಎದ್ದು ನಿಂತ.